ಹಿಂದಿನ ಕೋಣೆಯಿಂದ ಹಾಲ್‌ಗೆ ತಂದ ರೂಟರ್

೨೦೦೭ನೇ ಇಸವಿ, ಆಷಾಢದ ಒಂದು ಶನಿವಾರ, ಬೆಳಗ್ಗೆ ಹತ್ತು ಗಂಟೆ. ಕುವೆಂಪುನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವರು ಮೂವರು — ನಾನು, ನನ್ನ ತಂಗಿ ಸರಸು, ಟೆಲಿಫೋನ್ ಲೈನ್‌ಮನ್. ಅಂದು ನಾನು ಬ್ರಾಡ್‌ಬ್ಯಾಂಡ್ ರೂಟರನ್ನು ಸರಸುವಿನ ಕೋಣೆಯಿಂದ ತೆಗೆಸಿ ಮುಂದಿನ ಹಾಲ್‌ಗೆ ಹಾಕಿಸಿದೆ. ಅದಕ್ಕಾಗಿ ಅವಳಿಗೆ ಒಂದು ಸುಳ್ಳು ಹೇಳಿದೆ. ಕಿವಿ ಕೇಳದವಳಿಗೆ ಹೇಳಿದ ಸುಳ್ಳು.

ಸರಸು ನನಗಿಂತ ಆರು ವರ್ಷ ಚಿಕ್ಕವಳು. ಮೂವತ್ತು ದಾಟಿದ ಮೇಲೆ ಅವಳ ಕಿವಿ ಮಂದವಾಗುತ್ತಾ ಬಂದು, ಕೊನೆಗೆ ಪೂರ್ತಿ ನಿಂತಿತು. ಮದುವೆಯಾಗಲಿಲ್ಲ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆ ನಡೆಸಿದವಳು ಅವಳೇ. ಎದುರು ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ — ಅದೂ ನನ್ನ ತುಟಿಯಾದರೆ ಮಾತ್ರ. ಹೀಗಾಗಿ ಹೊರಗಿನವರ ಮಾತನ್ನು ಅವಳಿಗೆ ತಲುಪಿಸುವುದು ನನ್ನ ಕೆಲಸವಾಗಿತ್ತು. ಡಾಕ್ಟರು ಏನೆಂದರು, ಸೊಪ್ಪಿನವಳು ಏನೆಂದಳು, ನೆಂಟರು ಈಗ ಯಾಕೆ ನಕ್ಕರು — ಎಲ್ಲ ನನ್ನ ಬಾಯಿಂದಲೇ ಹೋಗಬೇಕು. "ನಿಜವಾಗ್ಲೂ ಹಾಗಂದ್ರಾ?" ಎಂದು ಅವಳು ಒಂದು ದಿನವೂ ಕೇಳಿದವಳಲ್ಲ.

ನನ್ನ ಮಗಳು ಮದುವೆಯಾಗಿ ಹೋಗುವಾಗ ತನ್ನ ಕಂಪ್ಯೂಟರನ್ನು ಸೋದರತ್ತೆಗೆ ಬಿಟ್ಟು, ಚಾಟ್ ಮಾಡುವುದನ್ನೂ ಕಲಿಸಿಹೋದಳು. ಸರಸುವಿನ ಹೈಸ್ಕೂಲು ಗೆಳತಿ ಗಿರಿಜಾ ಪುಣೆಯಲ್ಲಿದ್ದಳು. ದಿನಾ ಬೆಳಗ್ಗೆ, ಊರು ಏಳುವ ಮೊದಲು, ಇಬ್ಬರೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುತ್ತಾ ಕೂರುತ್ತಿದ್ದರು. ಅಲ್ಲಿ ಯಾರೂ ಕೂಗಬೇಕಿರಲಿಲ್ಲ. ನಡುವೆ ನಾನೂ ಬೇಕಿರಲಿಲ್ಲ.

ನಾನು ಹುಡುಗರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದವನು. ಗಂಟೆ ಹೊಡೆದಂತೆ ಏಳುವುದು, ಉಣ್ಣುವುದು, ಮಲಗುವುದು — ನಿವೃತ್ತಿಯ ನಂತರವೂ ಅದರಲ್ಲಿ ಬದಲಾವಣೆ ಇರಲಿಲ್ಲ. ಸರಸುವಿನ ಚಾಟ್ ಶುರುವಾದ ಮೇಲೆ ನನ್ನ ಬೆಳಗಿನ ಕಾಫಿ ತಡವಾಗತೊಡಗಿತು. ಒಂದು ದಿನ ಕರೆಯಲು ಅವಳ ಕೋಣೆಗೆ ಹೋದೆ. ಅವಳು ನಗುತ್ತಿದ್ದಳು. ತನ್ನ ದನಿ ತನಗೇ ಕೇಳದವರ ನಗು — ಅದಕ್ಕೆ ಅಳತೆ ಇರುವುದಿಲ್ಲ. ಅವಳು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಹಿಂದೆ ನಿಂತು ಓದಿದೆ. ನಾನು ಬಂದಿರುವುದು ಅವಳಿಗೆ ತಿಳಿಯುವಂತಿರಲಿಲ್ಲ.

"ನಮ್ಮಣ್ಣ ಗಡಿಯಾರ ನುಂಗ್ಬುಟ್ಟಿದಾನೆ ಕಣೇ. ಹೊಟ್ಟೆ ಒಳಗೆ ಟಿಕ್ ಟಿಕ್ ಅಂತಿರತ್ತೆ. ನನಗೆ ಕೇಳ್ಸಲ್ವಲ್ಲ, ಪುಣ್ಯ" ಎಂದು ಸರಸು ಬರೆದಿದ್ದಳು.

"ಕೀಲಿ ಕೊಡೋಳು ನೀನೇ ತಾನೆ? ಒಂದಿನ ಮರೆತ್ಬುಡು" ಎಂದು ಗಿರಿಜಾ.

ಇಷ್ಟೇ. ಇದಕ್ಕಿಂತ ಕೆಟ್ಟದ್ದೇನೂ ಅಲ್ಲಿರಲಿಲ್ಲ. ಹಾಸ್ಟೆಲ್ಲಿನ ಹುಡುಗರು ನನಗೆ ಇಟ್ಟ ಹೆಸರುಗಳ ಮುಂದೆ ಇದೇನು! ಆದರೂ — ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆ, ನನ್ನ ನೆರವಿಲ್ಲದೆ ಅವಳಿಗೊಂದು ಮಾತುಕತೆ ಇದೆ ಎಂಬುದನ್ನೇ ನನ್ನಿಂದ ಸಹಿಸಲಾಗಲಿಲ್ಲ. ಹಾಗೆಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ. ಕಾಫಿ ತಡವಾಗುತ್ತಿದೆ, ಶಿಸ್ತು ಕೆಡುತ್ತಿದೆ ಎಂದುಕೊಂಡೆ.

ಆ ಶನಿವಾರ ಲೈನ್‌ಮನ್ ಎಲ್ಲ ನೋಡಿ, "ಇಲ್ಲೇ ಚೆನ್ನಾಗಿ ಬತ್ತಾ ಅದಲ್ಲ ಸಾರ್. ಸುಮ್ನೆ ಯಾಕ್ ಕೀಳುಸ್ತೀರಾ? ಅಮ್ಮಾವ್ರ್‌ಗೂ ಇದೇ ಅನುಕೂಲ. ಬುಡಿ ಅತ್ಲಾಗೆ" ಎಂದ.

ಅವನು ಏನೆಂದನೆಂದು ತಿಳಿಯಲು ಸರಸು ನನ್ನ ಮುಖ ನೋಡಿದಳು.

"ಈ ಗೋಡೆ ತೇವ ಅಂತೆ. ಇಲ್ಲಿದ್ರೆ ಲೈನ್ ಕೆಡತ್ತಂತೆ. ಹಾಲ್‌ನಲ್ಲೇ ಇಡಬೇಕಂತೆ" ಎಂದೆ.

ಲೈನ್‌ಮನ್ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ತಲೆ ತಗ್ಗಿಸಿ ವೈರ್ ಬಿಚ್ಚತೊಡಗಿದ. ಸರಸು ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಅದು ಒಣಗಿಯೇ ಇತ್ತು. ಆದರೂ, "ಹೌದಾ? ಹಾಗಾದ್ರೆ ಸರಿ ಬಿಡಣ್ಣ" ಎಂದಳು. ತನ್ನ ಕೈಗಿಂತ ನನ್ನ ಮಾತನ್ನು ನಂಬಿದಳು.

ರೂಟರಿನೊಂದಿಗೆ ಕಂಪ್ಯೂಟರೂ ಹಾಲ್‌ಗೆ ಬಂತು. ಅದನ್ನು ಇಟ್ಟ ಜಾಗ ಹೇಗಿತ್ತೆಂದರೆ, ಸೋಫಾದಲ್ಲಿ ಕೂತವರಿಗೆಲ್ಲ ಪರದೆ ಕಾಣುತ್ತಿತ್ತು. ಜಾಗ ಆರಿಸಿದವನು ನಾನೇ. ಬೆಳಗಿನ ವಾಕಿಂಗಿನ ನಂತರ ನನ್ನ ಜೊತೆ ಕಾಫಿಗೆ ಬರುತ್ತಿದ್ದ ನಂಜುಂಡಯ್ಯ ಪರದೆಗೆ ಮುಖ ಚಾಚಿ, "ಏನಮ್ಮಾ ಸರಸು, ಸೊಸೆ ಮೇಲೆ ಚಾಡಿ ಹೇಳ್ತಿದಾಳಲ್ಲ ನಿನ್ ಫ್ರೆಂಡು!" ಎಂದು ಗಟ್ಟಿಯಾಗಿ ನಕ್ಕ. ಮಾತು ಕೇಳದಿದ್ದರೂ ಅವನ ಕಣ್ಣು ಎಲ್ಲಿದೆಯೆಂದು ಸರಸುವಿಗೆ ಕಂಡಿತು. "ಹಾಲ್‌ನಲ್ಲಿ ಜನ ಇದಾರೆ, ಆಮೇಲೆ ಬರ್ತೀನಿ" ಎಂದು ಬರೆದು ಎದ್ದಳು. ಮತ್ತೆರಡು ದಿನ ಪ್ರಯತ್ನಿಸಿದಳು. ಆಮೇಲೆ ಕಂಪ್ಯೂಟರಿಗೆ ಒಂದು ಹಳೆಯ ಟವೆಲ್ ಹೊದಿಸಿಬಿಟ್ಟಳು. ಕಾಫಿ ವೇಳೆಗೆ ಸರಿಯಾಗಿ ಬರತೊಡಗಿತು.

ಕೆಲವು ವಾರಗಳ ನಂತರ ಗಿರಿಜಾ ಫೋನ್ ಮಾಡಿದಳು. "ಅಣ್ಣಯ್ಯಾ, ಸರಸು ಚಾಟ್‌ಗೆ ಯಾಕೆ ಬರ್ತಾನೇ ಇಲ್ಲ? ಹುಷಾರಾಗಿದಾಳಾ?"

"ಹುಷಾರಾಗಿದಾಳಮ್ಮ. ಅದೆಲ್ಲ ಈಗ ಅವಳಿಗೆ ಬೇಜಾರಂತೆ."

"ಓ... ಹಾಗಾ. ಸರಿ ಅಣ್ಣಯ್ಯಾ" ಎಂದು ಇಟ್ಟುಬಿಟ್ಟಳು.

"ಯಾರು?" ಎಂದಳು ಆಗಷ್ಟೇ ಅಡುಗೆಮನೆಯಿಂದ ಬಂದ ಸರಸು.

"ರಾಂಗ್ ನಂಬರು."

ಅದಾದ ಮೇಲೆ ಒಂದು ಮಧ್ಯಾಹ್ನ, ನಾನು ಮಲಗಿದ್ದಾಗ, ಸರಸು ಟವೆಲ್ ಸರಿಸಿ ಕೂತಿದ್ದಳಂತೆ. ಗಿರಿಜಾ ಬಂದಿರಲಿಲ್ಲ. "ಅವಳಿಗೂ ಸಾಕಾಯ್ತೇನೋ" ಎಂದು ನನಗೆ ಹೇಳಿದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮರುವರ್ಷ ಗಿರಿಜಾಳ ಮಗ ಫೋನ್ ಮಾಡಿ ತಾಯಿ ಹೋದ ಸುದ್ದಿ ಹೇಳಿದ. ಆ ಮಾತನ್ನು ಮಾತ್ರ ಇದ್ದದ್ದು ಇದ್ದಂತೆ ತಲುಪಿಸಿದೆ. ಸರಸು, "ನನ್ನ ಮೇಲೆ ಅವಳಿಗೇನಾದ್ರೂ ಕೋಪ ಇತ್ತಾ ಅಣ್ಣ?" ಎಂದಳು.

"ನನಗೇನು ಗೊತ್ತು?" ಎಂದೆ ನಾನು — ಗೊತ್ತಿದ್ದವನು ಪ್ರಪಂಚದಲ್ಲಿ ನಾನೊಬ್ಬನೇ.

ಇಷ್ಟು ಕಾಲ ಇದನ್ನು ಹೊತ್ತುಕೊಂಡು ವೇಳೆಗೆ ಸರಿಯಾಗಿ ಉಂಡೆ, ಮಲಗಿದೆ. ಬೇರೆಯವರಲ್ಲಾದರೆ ತಪ್ಪನ್ನು ಗೊಣಗಿ ಮುಗಿಸಬಹುದು, ಆಚೆ ನೋಡುತ್ತಾ ಹೇಳಬಹುದು. ಸರಸುವಿಗೆ ಹಾಗೆ ಹೇಳಲು ಬರುವುದಿಲ್ಲ. ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಬೇಕು.

ಇವತ್ತು ಬೆಳಗ್ಗೆ ಹೇಳಿದೆ. ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಗೋಡೆಯ ಸುಳ್ಳು, ಗಿರಿಜಾಳ ಫೋನು, ಎರಡನ್ನೂ ಹೇಳಿದೆ.

"ಏನು? ತಿಳೀಲಿಲ್ಲ. ಇನ್ನೊಂದ್ಸಲ ಹೇಳು" ಎಂದಳು.

ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಮುಗಿದ ಮೇಲೂ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ಇನ್ನೇನೋ ಬಾಕಿ ಇದೆ ಎಂಬಂತೆ. ಆಮೇಲೆ ಕೇಳಿದಳು: "ಫೋನ್‌ನಲ್ಲಿ ಅವಳ ದನಿ ಹೇಗಿತ್ತು?"

ನನಗೆ ಅರ್ಥವಾಗಲಿಲ್ಲ.

"ಸ್ಕೂಲಲ್ಲಿದ್ದಾಗ ಸಣ್ಣ ದನಿ ಅವಳದು. ವಯಸ್ಸಾದ ಮೇಲೆ ಹೇಗಾಗಿತ್ತು? ನಾನು ಕೇಳೇ ಇಲ್ವಲ್ಲ."

ನೆನಪು ಮಾಡಿಕೊಳ್ಳಲು ನೋಡಿದೆ. ಏನೂ ಬರಲಿಲ್ಲ. ಅಂದು ನಾನು ಆ ದನಿಯನ್ನು ಕೇಳಿಸಿಕೊಂಡೇ ಇರಲಿಲ್ಲ. ಎಷ್ಟು ಬೇಗ ಫೋನ್ ಇಟ್ಟೇನು ಎಂದಷ್ಟೇ ಕಾದಿದ್ದೆ. "ನೆನಪಿಲ್ಲ" ಎಂದೆ.

ಅವಳು ತಲೆಯಾಡಿಸಿ, ಸೊಪ್ಪಿನ ಮೊರವನ್ನು ಹಾಗೇ ಬಿಟ್ಟು ಎದ್ದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಕಾಫಿಯ ವೇಳೆ ಮೀರಿತು, ನಾನು ಕರೆಯಲಿಲ್ಲ. ಉಳಿದ ಸೊಪ್ಪನ್ನು ನಾನೇ ಬಿಡಿಸಿದೆ. ನಾರು ತೆಗೆದು, ದಂಟು ಬೇರೆ, ಎಲೆ ಬೇರೆ ಮಾಡಿ, ನೀರಲ್ಲಿ ತೊಳೆದು, ಬುಟ್ಟಿಯಲ್ಲಿ ಸೋರಲು ಇಟ್ಟೆ.