ಐತಪ್ಪಣ್ಣನ ಎಣ್ಣೆ ಬಟ್ಟೆ

ಕಟಪಾಡಿಯ ಐತಪ್ಪಣ್ಣ ಮೂವತ್ತು ವರ್ಷ ಸೈಕಲ್ ರಿಪೇರಿ ಮಾಡಿದವರು. ಕಡಲಿನ ಉಪ್ಪುಗಾಳಿಗೆ ಕಬ್ಬಿಣ ಬಾಳುವುದಿಲ್ಲವೆಂದು, ಯಾವ ಸೈಕಲನ್ನೂ ಎಣ್ಣೆ ಬಟ್ಟೆಯಿಂದ ಒರೆಸದೆ ಗಿರಾಕಿಯ ಕೈಗೆ ಕೊಟ್ಟವರಲ್ಲ.

೨೦೦೮ರಲ್ಲಿ ಗಾರೆ ಕೆಲಸದ ಸಂಗಮೇಶನಿಗೆ ಅವರೊಂದು ಗೇರ್ ಸೈಕಲ್ ಕಟ್ಟಿಕೊಟ್ಟರು. ಫ್ರೇಮ್ ಗುಜರಿಯದು. ಬ್ರೇಕು ಮಾತ್ರ ಮಣಿಪಾಲದ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಸೈಕಲಿನ ಹಳೆಯ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಅಂಥದ್ದನ್ನು ಅವರು ಮುಟ್ಟಿದ್ದು ಅದೇ ಮೊದಲು. ಎರಡು ದಿನ ಕೂತು ಬ್ರೇಕಿನ ದ್ರವ ಹರಿಯುವ ಪೈಪಿನೊಳಗಿನ ಗಾಳಿ ತೆಗೆದರು. ಸಡಿಲವಾಗಿದ್ದ ಬ್ರೇಕಿನ ಲಿವರ್ ಗಟ್ಟಿಯಾದಾಗ ಸಂಗಮೇಶನಿಗಿಂತ ಅವರಿಗೇ ಹೆಚ್ಚು ಖುಷಿ. ಕೊನೆಗೆ ವಾಡಿಕೆಯಂತೆ ಅವನೆದುರೇ ಇಡೀ ಸೈಕಲನ್ನು ಎಣ್ಣೆ ಬಟ್ಟೆಯಿಂದ ಒರೆಸಿದರು, ಚಕ್ರದ ನಡುವೆ ಹೊಳೆಯುವ ಉಕ್ಕಿನ ಡಿಸ್ಕನ್ನು ಎರಡೆರಡು ಸಲ.

ಮರುದಿನ ಸೈಕಲನ್ನು ಟೆಂಪೋದಲ್ಲಿ ಹಾಕಿಕೊಂಡು ಮಣಿಪಾಲಕ್ಕೆ ಕೆಲಸಕ್ಕೆ ಹೋದ ಸಂಗಮೇಶ, ಸಂಜೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಚರಂಡಿಗೆ ಬಿದ್ದ. ಬಲಗೈ ಮುರಿಯಿತು.

ಬಿದ್ದ ಸೈಕಲ್ ಮರಳಿ ಅಂಗಡಿಗೆ ಬಂದಾಗ ಐತಪ್ಪಣ್ಣ ಡಿಸ್ಕ್ ಮುಟ್ಟಿ ನೋಡಿದರು. ಬೆರಳು ಜಾರಿತು. ಬ್ರೇಕು ಕಚ್ಚಿ ಹಿಡಿಯಬೇಕಾದ ಜಾಗಕ್ಕೇ ತಾನು ಎಣ್ಣೆ ಹಚ್ಚಿದ್ದು ಆಗ ಹೊಳೆಯಿತು. ಆಸ್ಪತ್ರೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದು, ಅದನ್ನು ಕಚ್ಚುವ ಪ್ಯಾಡ್ ಹೊಸದು ಹಾಕಿ, ಸೈಕಲನ್ನು ಮೂಲೆಗೆ ಒರಗಿಸಿಟ್ಟರು.

ಎರಡು ತಿಂಗಳ ಮೇಲೆ ಸಂಗಮೇಶನೇ ಬಂದ.

"ನಂದೇ ತಪ್ಪು ಅಣ್ಣಾರ. ಇಂಥಾ ಬ್ರೇಕು ಹಿಡಿಯಾಕ ನನಗ ಬರಲಿಲ್ಲ."

"ಹಾಗೆಂತ ಇಲ್ಲ ಮಾರಾಯ, ಅದು..." ಎನ್ನುತ್ತಾ ಐತಪ್ಪಣ್ಣ ಮೂಲೆಯಲ್ಲಿದ್ದ ಸೈಕಲನ್ನು ಮುಂದಕ್ಕೆ ತಳ್ಳಿ ತಂದರು.

ಸಂಗಮೇಶ ಡಿಸ್ಕಿನ ಮೇಲೆದ್ದ ಕಂದು ಕಲೆ ತೋರಿಸಿದ. "ತುಕ್ಕ ಹಿಡದೈತಿ ನೋಡ್ರಿ. ಅವತ್ತಿನಂಗ ಚಲೋ ಎಣ್ಣಿ ಹಚ್ಚಿ ಕೊಡ್ರಿ."

ಮೊಳೆಗೆ ನೇತುಹಾಕಿದ್ದ ಎಣ್ಣೆ ಬಟ್ಟೆಯನ್ನು ಎಡಗೈಯಿಂದ ಅವನೇ ತೆಗೆದು ಐತಪ್ಪಣ್ಣನ ಕೈಗಿಟ್ಟ.