ಅಪ್ಪಣೆ ಸಾಹೇಬರು ಸುಮ್ಮನೆ ಕೂತ ಮಧ್ಯಾಹ್ನ

"ದುಡ್ಡಿನ ಮಾತು ಆಮೇಲೆ ಸಾರ್. ಮೊದ್ಲು ಈ ಜೋಡಿ ಹೊಲ್ದು ಮುಗಿಯೋವರೆಗೂ ಸಲಹೆ ಕೊಡ್ದೆ ಕೂತಿರ್ತೀರಾ, ಹೇಳಿ," ಎಂದರು ಬೂಟು ಹೊಲಿಯುವ ಅಕ್ಕ.

"ಅದೇನ್ ಮಹಾ," ಎಂದರು ನನ್ನ ದೊಡ್ಡಪ್ಪ. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಏಕೆಂದರೆ ದೊಡ್ಡಪ್ಪ ಫ್ಯಾನ್ ಕಂಪನಿಗೆ ಸೇಲ್ಸ್‌ಮನ್ ಆಗಿ ಸೇರಿ, ಅಂಗಡಿ ಅಂಗಡಿ ಅಲೆದು, ಕೊನೆಗೆ ಗಾಜಿನ ಕೋಣೆಯಿಂದ ಇಡೀ ಕಾರ್ಖಾನೆ ನಡೆಸಿದವರು. ಬೆಳಗಾದರೆ ಕೆಳಗಿಳಿದು ಈ ಮೇಜು ಅಲ್ಲಿಗೆ, ಆ ಪೆಟ್ಟಿಗೆ ಇಲ್ಲಿಗೆ ಎಂದು ಜರುಗಿಸುತ್ತಿದ್ದರಂತೆ. ಕೆಲಸ ಚುರುಕಾಗುತ್ತಿದ್ದದ್ದೂ ನಿಜ, ಬೆನ್ನ ಹಿಂದೆ ಎಲ್ಲರೂ 'ಅಪ್ಪಣೆ ಸಾಹೇಬ್ರು' ಎನ್ನುತ್ತಿದ್ದದ್ದೂ ನಿಜ. ನಿವೃತ್ತಿಯಾದ ಮೇಲೆ ಅಪ್ಪಣೆ ಅಡುಗೆಮನೆಗೆ ಬಂತು. "ನನ್ನ ಡಬ್ಬಿಗಳಿಗೆ ಟ್ರಾನ್ಸ್‌ಫರ್ ಕೊಟ್ಟಿದ್ದು ಸಾಕು. ಹೊರಗಡೆ ಏನಾದ್ರೂ ನೋಡ್ಕೊಳ್ಳಿ," ಎಂದರು ದೊಡ್ಡಮ್ಮ. ಹಾಗೆ ಅವರು ಹೂಡಿಕೆದಾರರಾದರು.

ಮೊದಲು ಹಣ ಹಾಕಿದ್ದು ಹಳೆಯ ಗೆಳೆಯರ ಕುರ್ಚಿ ಮೇಜಿನ ಕಾರ್ಖಾನೆಗೆ. ಅಲ್ಲೂ ದಿನಾ ಅಪ್ಪಣೆ. ವರ್ಷ ತುಂಬುವುದರೊಳಗೆ ಗೆಳೆಯರು ಹಣವನ್ನು ಲಾಭದ ಸಮೇತ ಹಿಂದಿರುಗಿಸಿ, ಮಾತು ಬಿಟ್ಟರು. ಲಾಭ ಬಂದಿದ್ದರೂ ದೊಡ್ಡಪ್ಪನಿಗೆ ಎಷ್ಟೋ ದಿನ ಊಟ ಸೇರಲಿಲ್ಲ.

ಆ ಕಾರ್ಖಾನೆ ಪಕ್ಕದ ರಸ್ತೆಯಲ್ಲೇ ಇರುವುದರಿಂದ ಈ ಅಕ್ಕನಿಗೆ ಎಲ್ಲವೂ ಗೊತ್ತು. ಒಂದು ಕಾಲು ಗಿಡ್ಡ ಇರುವವರಿಗೆ ಇವರು ಅಳತೆಯ ಬೂಟು ಹೊಲಿಯುತ್ತಾರೆ. ಇವರಿಗೆ ದೊಡ್ಡ ಯಂತ್ರ ಕೊಳ್ಳಲು ದುಡ್ಡು ಬೇಕು, ತಲೆಯ ಮೇಲೊಬ್ಬ ಸಾಹೇಬರು ಬೇಡ. ದೊಡ್ಡಪ್ಪನಿಗೋ, ಇನ್ನೊಂದು ಬಾಗಿಲು ಮುಚ್ಚಿಬಿಟ್ಟರೆ ಎಂಬ ಭಯ.

ದೊಡ್ಡಪ್ಪ ಕೈಕಟ್ಟಿ ಸ್ಟೂಲಿನ ಮೇಲೆ ಕೂತರು. ಅಕ್ಕ ಪದೇ ಪದೇ ಎದ್ದು ಮೂಲೆಯ ಕಪಾಟಿನಲ್ಲಿದ್ದ ತಟ್ಟೆಯಿಂದ ಬೂಟಿನ ತಳದ ಅಟ್ಟೆ ತರುತ್ತಿದ್ದರು. ಅವರು ಎದ್ದಾಗಲೆಲ್ಲ ದೊಡ್ಡಪ್ಪನ ಗಂಟಲು ಗೊರ್ ಎನ್ನುತ್ತಿತ್ತು.

"ಕೆಮ್ಮು ಬಂತಾ ಸಾರ್?"

"ಇಲ್ಲಮ್ಮ, ಮಾತು ಬಂತು. ನುಂಗ್ದೆ."

ಅಷ್ಟರಲ್ಲಿ ಫೋನ್ ಬಂದು ಅಕ್ಕ ಹೊರಗೆ ಹೋದರು. ದೊಡ್ಡಪ್ಪ ಚಂಗನೆ ಎದ್ದು ಅಟ್ಟೆಗಳ ತಟ್ಟೆಯನ್ನು ತಂದು ಹೊಲಿಗೆ ಯಂತ್ರದ ಪಕ್ಕಕ್ಕಿಟ್ಟು, ಏನೂ ಆಗದವರಂತೆ ಮತ್ತೆ ಕೂತರು.

ಅಕ್ಕ ಬಂದು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಹೊಲಿಯಲು ಕೂತರು. ಒಂದು ಸಲವೂ ಏಳಬೇಕಾಗಲಿಲ್ಲ. ಜೋಡಿ ಮುಗಿಸಿ, "ಇದೇನ್ ಸಾರ್?" ಎಂದರು.

"ನಾನು ಮಾತಾಡ್ಲಿಲ್ಲ."

"ಜಾಗ ಸರಿಯಾಗೇ ಇದೆ. ಕೇಳ್ದೆ ಇಟ್ಟಿದ್ದು ಸರಿ ಇಲ್ಲ."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಆಮೇಲೆ ಯೋಚ್ನೆ ಮಾಡಿ ನಾನೇ ಇಟ್ಕೊತಿದ್ದೆ. ಅಷ್ಟು ಹೊತ್ತು ಕಾಯೋಕಾಗಲ್ವಾ ನಿಮ್ಗೆ?"

ದೊಡ್ಡಪ್ಪ ತಟ್ಟೆಯನ್ನೇ ನೋಡುತ್ತ ಕೂತರು. "ಇಷ್ಟು ವರ್ಷದಲ್ಲಿ ಯಾರೂ ನನ್ಗೆ ಹೀಗೆ ಹೇಳ್ಲಿಲ್ಲಮ್ಮ," ಎಂದರು ಮೆಲ್ಲಗೆ.

"ಹೇಳೋಕೆ ನೀವು ಬಿಟ್ಟಿದ್ರೆ ತಾನೇ." ಅಕ್ಕನ ಮುಖದಲ್ಲಿ ಸಣ್ಣ ನಗು. "ಮುಂದಿನ ಬುಧವಾರ ಇನ್ನೊಂದು ಜೋಡಿ ಇದೆ, ಬನ್ನಿ. ಅವತ್ತು ಸುಮ್ನೆ ಕೂತಿದ್ರೆ ದೊಡ್ಡ ಯಂತ್ರದ ಮಾತು."

"ನಾನೂ ಬರ್ಲಾ ಅಕ್ಕ?" ಎಂದೆ.

"ನೀನ್ ಬರ್ಲೇಬೇಕು. ಇವರ ಕೈ ಹಿಡ್ಕೊಂಡು ಕೂತ್ಕೊಳ್ಳೋಕೆ ಯಾರಾದ್ರೂ ಬೇಡ್ವಾ?"