ಬಾಗಿದ ಬೆರಳು ಮತ್ತು ಇಷ್ಟಲಿಂಗ

ಶರಣ ಬಂಧುಗಳೇ, ಎಡ ಅಂಗೈ ಬಿಚ್ಚದಿದ್ದರೆ ಇಷ್ಟಲಿಂಗ ಪೂಜೆ ಮಾಡುವುದು ಹೇಗೆ? ಮೂರು ವರ್ಷದ ಹಿಂದೆ ಈ ಚಿಂತೆ ನನ್ನನ್ನು ತಿಂದುಹಾಕುತ್ತಿತ್ತು.

ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಟ್ಟೆ ಹೊಲಿಯುವವಳು. ಎಡ ಮುಂಗೈ ಮೇಲೆ ಬಿಳಿಚಿದ ಪಟ್ಟಿಯೊಂದು ಕಾಣಿಸಿತು. ನೋವಿಲ್ಲ, ತುರಿಕೆಯಿಲ್ಲ. ತೊನ್ನೆಂದು ಅಂಜಿ ನಮ್ಮತ್ತೆ ದಿನಾ ವಿಭೂತಿ ಹಚ್ಚಿದರು, ನಾನು ಬಳೆ ಏರಿಸಿ ಮುಚ್ಚಿಕೊಂಡೆ. ಶ್ರಾವಣದ ಹೊತ್ತಿಗೆ ಅದು ಅಂಗೈಗಿಳಿದು ಚರ್ಮ ಬಿಗಿದುಕೊಂಡಿತು, ಬೆರಳು ಒಳಕ್ಕೆ ಬಾಗಿದವು. ಒಂದು ಬೆಳಿಗ್ಗೆ ಪೂಜೆಯಲ್ಲಿ ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲ ಮುಟ್ಟಲಿಲ್ಲ, ಆದರೂ ನನ್ನ ಜೀವವೇ ಹಾರಿಹೋಯಿತು. "ನಿನ್ನ ಹಿಡಿಯೋ ಕೈನ ಕಸಗೊಂಡ್ಯಲ್ಲೋ ಶಿವನ!" ಎಂದು ಅತ್ತು, ಪೂಜೆಗೆ ಕೂರುವುದನ್ನೇ ಬಿಟ್ಟೆ.

ಆಮೇಲೆ ಅತ್ತೆ, ನಾನು ಧಾರವಾಡದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆವು. ಚರ್ಮದ ಚೂರು ತೆಗೆದು ಪರೀಕ್ಷಿಸಿ 'ಸ್ಕ್ಲೆರೋಡರ್ಮಾ', ಚರ್ಮ ಗಟ್ಟಿಯಾಗುವ ರೋಗ ಎಂದರು. ಮೊಬೈಲಿನಲ್ಲಿ ಹುಡುಕಿದೆ. ಶ್ವಾಸಕೋಶ, ಕಿಡ್ನಿಗೂ ಹಬ್ಬುತ್ತದೆ ಎಂದೆಲ್ಲ ಓದಿದೆ.

"ನಾ ಬದುಕತೇನೇನ್ರಿ?" ಎಂದು ಮೊಬೈಲನ್ನು ಡಾಕ್ಟರಮ್ಮನಿಗೆ ತೋರಿಸಿದೆ.

"ಅಯ್ಯ, ನೀ ಓದಿದ್ದು ಬ್ಯಾರೇದವಾ. ನಿಂದು ಒಂದ ಜಾಗಾದಾಗ ಇರೂದು. ಚರ್ಮಾ, ಅದರ ಕೆಳಗಿಂದು ಅಷ್ಟ. ಜೀವಕ್ಕ ಧಕ್ಕಿ ಇಲ್ಲ. ಕೆಲವು ವರ್ಷ ಕಾಡಿ ಮಲಗತೈತಿ. ಚರ್ಮದ ಮ್ಯಾಲ ಕಲಿ ಉಳೀಬಹುದು. ಮುಂದ ಮತ್ತ ಎದ್ದರೂ ಏಳಬಹುದು, ಅದಕ್ಕ ತೋರಿಸಿಕೋತ ಇರು. ಆದ್ರ ಬೆರಳು ಹಂಗ ಬಿಟ್ರ ಮಡಚಿದ್ದು ಮಡಚಿದಂಗ ಉಳೀತಾವ. ಗುಳಿಗಿ ತಗೋ, ಕೈ ಚಾಚೂದು ಬಿಡಬ್ಯಾಡ."

ಮರುದಿನ ಅತ್ತೆ ನನ್ನನ್ನು ಎಬ್ಬಿಸಿದರು. "ಏಳು, ಪೂಜಿಗಿ ಕೂಡು. ನಿನ್ನ ಕೈ ಕೆಳಗ ಮುಟ್ಟದಂಗ ನನ್ನ ಕೈ ಒಡ್ತೇನಿ, ಲಿಂಗ ಜಾರಿದ್ರ ಅದರಾಗ ಬೀಳತೈತಿ."

"ನಿಮ್ಮ ಕೈ ನಡಗತಾವ್ರೀ!" ಎಂದು ಸಿಡುಕಿದೆ.

"ನಡಗಿದ್ರೇನಾತು, ಬಿಚ್ಚತಾವಲ್ಲ!"

ಅಂದಿನಿಂದ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸಿ, ಆದಷ್ಟು ಚಾಚಿ, ಲಿಂಗವನ್ನಿಟ್ಟು ಕೂರುತ್ತಿದ್ದೆ. ಕೆಳಗೆ ಅತ್ತೆಯ ಕೈ. ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು. ತಿಂಗಳುಗಟ್ಟಲೆ ಏನೂ ಬದಲಾಗದೆ ಎಷ್ಟೋ ಸಲ ಬೇಸತ್ತು ಅಳುತ್ತಿದ್ದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಪೂಜೆ ಮುಗಿಸಿ ತಲೆಯೆತ್ತಿದರೆ ಅತ್ತೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಾರೆ. ಕಣ್ಣಲ್ಲಿ ನೀರು.

"ಅತ್ತೀ, ಕೈ ಯಾವಾಗ ತಗದ್ರಿ?"

"ಭಾಳ ದಿನಾತವಾ, ಒಡ್ಡೂದ ಬಿಟ್ಟು. ನೀ ಲಿಂಗಾ ನೋಡಕೋತ ಕುಂತಿದ್ದಿ, ನಾ ನಿನ್ನ ಬೆರಳ ನೋಡಕೋತ ಕುಂತಿದ್ದೆ."

ಕಲೆ ಹೋಗಿಲ್ಲ, ಕಿರುಬೆರಳು ಪೂರ್ತಿ ನೆಟ್ಟಗಾಗಿಲ್ಲ. ರೋಗ ಸದ್ಯ ಮಲಗಿದೆ ಎಂದಿದ್ದಾರೆ, ತಪಾಸಣೆ ತಪ್ಪಿಸುವುದಿಲ್ಲ. ಮತ್ತೆ ಎದ್ದೀತೆಂಬ ಅಂಜಿಕೆ ಇಲ್ಲವೆಂದರೆ ಸುಳ್ಳಾದೀತು. ಆದರೆ ಎದ್ದರೂ ಪೂಜೆ ಬಿಡುವವಳಲ್ಲ ನಾನು. ಶಿವನು ಬರಿಗೈಯಲ್ಲಿ ಕಳಿಸುವವನಲ್ಲ, ಕೈ ಸಾಲದಿದ್ದರೆ ಇನ್ನೊಂದು ಕೈ ಕೊಡುತ್ತಾನೆ.